ತುಟಿ ಪಿಟಿಕ್ ಅನ್ನದ ಅಜ್ಜಿ ಯಾರು?

ಹೋದ ಸಂಚಿಕೆಯಲ್ಲಿ ಗೋಣಿಕೊಪ್ಪದ ಓದುಗರೊಬ್ಬರು, ರೇಡಿಯೋ ನಾಟಕದಿಂದ ಶುರು ಮಾಡಿ ಯಾರಾದ್ರೂ ದೊಡ್ಡ ಹೆಸರು ಮಾಡಿದಾರಾ ಅಕ್ಕ ಅಂತ ಕೇಳಿದ್ರು. ಅದಕ್ಕೆ ನಾನು, ಬ್ರೆಜಿಲ್‌ನಲ್ಲಿ ಒಬ್ರಿದ್ದಾರೆ, ಹದಿನೈದನೇ ವಯಸ್ಸಿಗೆ ರೇಡಿಯೋ ಮೈಕ್ ಮುಂದೆ ನಿಂತೋರು ಎಪ್ಪತ್ತರ ಹತ್ರ ಬಂದಾಗ ಆಸ್ಕರ್ ಸ್ಪರ್ಧೆ ತನಕ ಹೋದ್ರು, ಹೆಸರು ಫೆರ್ನಾಂಡಾ ಮೊಂಟೆನೆಗ್ರೊ ಅಂತ ಎರಡೇ ಸಾಲು ಬರ್ದಿದ್ದೆ. ಅಷ್ಟಕ್ಕೇ ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಅವರ ಬಗ್ಗೆನೇ! ನಂಗೆ ತುಂಬಾ ಖುಷಿ ಆಯ್ತು. ಯಾಕಂದ್ರೆ ನಮ್ಮ ಕೊಡಗಲ್ಲಿ ಬ್ರೆಜಿಲ್ ಅಂದ್ರೆ ಜೂನ್ ಜುಲೈನಲ್ಲಿ ಅಲ್ಲಿ ಹಿಮ ಬಿತ್ತಾ, ಕಾಫಿ ಗಿಡ ಸುಟ್ಟೋಯ್ತಾ, ನಮ್ಮ ಚೆರ್ರಿಗೆ ಮೂಟೆಗೆ ಎಷ್ಟು ಏರ್ತು ಅನ್ನೋದಷ್ಟೇ ಮಾತು. 1975ರ ಜುಲೈನಲ್ಲಿ ಅಲ್ಲಿನ ಪರಾನಾ ರಾಜ್ಯದಲ್ಲಿ ಬಿದ್ದ ಹಿಮದ ಕತೆ ಇಲ್ಲಿನ ಹಿರಿಯರ ಬಾಯಲ್ಲಿ ಇನ್ನೂ ಇದೆ, ಆದ್ರೆ ಅಲ್ಲಿನ ಒಬ್ಬ ಕಲಾವಿದೆ ಹೆಸರು ಕೇಳಿದ್ರೆ ಯಾರಿಗೂ ಗೊತ್ತಿಲ್ಲ. ಅದಕ್ಕೇ ಈ ಸಲ ಬೇರೆ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ಇಟ್ಕೊಂಡು ಪೂರ್ತಿ ಜಾಗ ಇವರಿಗೇ ಕೊಡ್ತಿದೀನಿ.

ಅಕ್ಕ, ನೀವು ಬರೆದಿದ್ದು ಓದಿ ಮೊಬೈಲಲ್ಲಿ ಹುಡುಕಿ ಬ್ರೆಜಿಲ್‌ನ "ಐಯಾಮ್ ಸ್ಟಿಲ್ ಹಿಯರ್" ಸಿನಿಮಾ ಎಲ್ಲರೂ ಕೂತು ನೋಡಿದ್ವಿ. ಕೊನೇಲಿ ವೀಲ್‌ಚೇರಲ್ಲಿ ಕೂತಿರೋ ಅಜ್ಜಿ ಒಂದು ಮಾತೂ ಆಡಲ್ಲ, ಆದ್ರೂ ನಮ್ಮವ್ವ ಸೆರಗಲ್ಲಿ ಕಣ್ಣೊರೆಸಿಕೊಂಡ್ರು. ನಮ್ಮನೆಯವರು ಅದು ಹೀರೋಯಿನ್‌ಗೇ ಮೇಕಪ್ ಮಾಡಿರೋದು ಅಂತಾರೆ, ಅವ್ವ ಅಲ್ಲ ಇದು ಬೇರೆ ಹೆಂಗಸು ಅಂತ ಹಠ. ಯಾರು ಸರಿ? – ಓದುಗರು, ಪೊನ್ನಂಪೇಟೆ

ಅವ್ವಂದೇ ಸರಿ! ಅದು ಬೇರೆ ಹೆಂಗಸು, ಆದ್ರೆ ಪೂರ್ತಿ ಬೇರೆಯವರೂ ಅಲ್ಲ. ಸಿನಿಮಾದಲ್ಲಿ ಯೂನಿಸ್ ಪಾತ್ರ ಮಾಡಿರೋದು ಫೆರ್ನಾಂಡಾ ಟೊರೆಸ್, ಕೊನೇಲಿ ಅದೇ ಯೂನಿಸ್‌ಗೆ ವಯಸ್ಸಾದ ಮೇಲೆ ಬರೋ ಅಜ್ಜಿ ಅವರ ಹೆತ್ತ ತಾಯಿ ಫೆರ್ನಾಂಡಾ ಮೊಂಟೆನೆಗ್ರೊ. ಹೀರೋಯಿನ್ ಮುಖದ ಛಾಯೆ ಕಂಡಿದ್ದಕ್ಕೆ ನಿಮ್ಮನೆಯವರಿಗೆ ಮೇಕಪ್ ಅನ್ನಿಸಿದೆ, ಅವರದ್ದೂ ತಪ್ಪಲ್ಲ ಬಿಡಿ.

ಸಿನಿಮಾ ನೋಡದವರಿಗೆ ಚೂರು ಹೇಳ್ತೀನಿ. ಇದು ನಡೆದ ಕತೆ. ಬ್ರೆಜಿಲ್‌ನಲ್ಲಿ 1964ರಿಂದ 1985ರ ತನಕ ಮಿಲಿಟರಿ ಆಳ್ವಿಕೆ ಇತ್ತು, 1971ರ ಜನವರಿಯಲ್ಲಿ ರುಬೆನ್ಸ್ ಪೈವಾ ಅನ್ನೋ ಮಾಜಿ ಸಂಸದರನ್ನ ರಿಯೋದ ಮನೆಯಿಂದ ವಿಚಾರಣೆ ಅಂತ ಕರ್ಕೊಂಡು ಹೋದ್ರು, ಮತ್ತೆ ವಾಪಸ್ ಬರ್ಲೇ ಇಲ್ಲ. ಐದು ಮಕ್ಕಳು. ಹೆಂಡತಿ ಯೂನಿಸ್ ಆಮೇಲೆ ಕಾನೂನು ಓದಿ ಲಾಯರ್ ಆದ್ರು, ಗಂಡನ ಮರಣಪತ್ರ ಕೈಗೆ ಸಿಗೋ ಹೊತ್ತಿಗೆ 1996, ಅಂದ್ರೆ ಇಪ್ಪತ್ತೈದು ವರ್ಷ. ಕೊನೆಗಾಲಕ್ಕೆ ಅವರಿಗೆ ಮರೆವಿನ ಕಾಯಿಲೆ ಬಂತು.

ನಿಮ್ಮವ್ವ ಅತ್ತ ಆ ದೃಶ್ಯ ಇದೆಯಲ್ಲ, ಅದನ್ನ ನಾನು ಮೂರು ಸಲ ಹಿಂದಕ್ಕೆ ಹಾಕಿ ನೋಡಿದೀನಿ. ಮನೆ ತುಂಬಾ ಮಕ್ಕಳು ಮೊಮ್ಮಕ್ಕಳು, ಯಾರೋ ನಗ್ತಿದಾರೆ, ಅಜ್ಜಿ ಸುಮ್ನೆ ಕೂತಿದಾರೆ, ಕಣ್ಣು ಎಲ್ಲೂ ನಿಲ್ಲಲ್ಲ. ಟೀವಿಯಲ್ಲಿ ಕಾಣೆಯಾದವರ ಬಗ್ಗೆ ಸುದ್ದಿ ಬರುತ್ತೆ, ಗಂಡನ ಫೋಟೋ ಬರುತ್ತೆ. ಅಷ್ಟೇ. ಆ ಕಣ್ಣಲ್ಲಿ ಏನೋ ಒಂದು ಹೊತ್ತಿಕೊಂಡ ಹಾಗಾಗುತ್ತೆ, ಬೂದಿ ಕೆದಕಿದಾಗ ಒಳಗೆ ಕೆಂಡ ಕಾಣ್ಸುತ್ತಲ್ಲ ಹಾಗೆ, ಆಮೇಲೆ ಮತ್ತೆ ಮಂಕು. ತುಟಿ ಪಿಟಿಕ್ ಅನ್ನಲ್ಲ. ಜೀವನ ಶುರು ಮಾಡಿದ್ದೇ ಬರೀ ದನಿ ನಂಬ್ಕೊಂಡು, ಅಂಥ ಹೆಂಗಸು ತೊಂಬತ್ತು ದಾಟಿದ ಮೇಲೆ ದನಿಯನ್ನೇ ಬಿಟ್ಟು ನಟಿಸಿದಾರೆ, ಇದು ನನ್ನ ತಲೆಯಿಂದ ಹೋಗ್ತಾನೇ ಇಲ್ಲ.

ಮೇಡಂ, ಸಿನಿಮಾ ಅವಕಾಶ ಸಿಗದವರು ರೇಡಿಯೋಗೆ ಹೋಗ್ತಿದ್ರು ಅಂತ ನಮ್ಮ ಕಾಲೇಜಲ್ಲಿ ಒಬ್ರು ಹೇಳಿದ್ರು. ಇವರದ್ದೂ ಹಾಗೇನಾ? – ಬಿ.ಎ. ವಿದ್ಯಾರ್ಥಿನಿ, ಸೋಮವಾರಪೇಟೆ

ಖಂಡಿತ ಅಲ್ಲಮ್ಮ. ಮೊದಲು ಹುಟ್ಟು ಹಿನ್ನೆಲೆ ಹೇಳ್ಬಿಡ್ತೀನಿ. 1929ರ ಅಕ್ಟೋಬರ್ 16, ರಿಯೋ ಡಿ ಜನೈರೋ. ನಿಜವಾದ ಹೆಸರು ಆರ್ಲೆಟ್. ಅಪ್ಪ ಮೆಕ್ಯಾನಿಕ್, ಅಮ್ಮ ಮನೆ ನೋಡ್ಕೋತಿದ್ರು, ಅಮ್ಮನ ಕಡೆಯೋರು ಇಟಲಿಯ ಸಾರ್ಡಿನಿಯಾ ದ್ವೀಪದಿಂದ ವಲಸೆ ಬಂದೋರು, ಅಪ್ಪನ ಕಡೆ ಪೋರ್ಚುಗಲ್ ಮೂಲ. ದುಡ್ಡಿದ್ದ ಮನೆ ಅಲ್ಲ. ಸೆಕ್ರೆಟರಿ ಕೆಲಸಕ್ಕೆ ಅಂತ ಶಾರ್ಟ್‌ಹ್ಯಾಂಡ್, ಭಾಷೆ ಕಲಿಯೋ ಕೋರ್ಸ್ ಮಾಡ್ಕೊಂಡಿದ್ರು, ನಮ್ಮಲ್ಲಿ ಟೈಪಿಂಗ್ ಕ್ಲಾಸಿಗೆ ಹೋಗ್ತಿದ್ರಲ್ಲ ಹಾಗೆ.

ಅಷ್ಟರಲ್ಲಿ ಅಲ್ಲಿನ ಶಿಕ್ಷಣ ಸಚಿವಾಲಯದ ರೇಡಿಯೋದಲ್ಲಿ ಹುಡುಗ ಹುಡುಗಿಯರಿಗೆ ಅಂತಲೇ ಇದ್ದ ನಾಟಕ ತಂಡಕ್ಕೆ ಸೇರಿಕೊಂಡ್ರು, ವಯಸ್ಸು ಹದಿನೈದು. ಈ ರೇಡಿಯೋ ಬಗ್ಗೆ ಒಂದು ಮಾತು ಹೇಳ್ಲೇಬೇಕು. ಬ್ರೆಜಿಲ್‌ನ ಮೊದಲ ರೇಡಿಯೋ ಸ್ಟೇಷನ್ನನ್ನ 1923ರಲ್ಲಿ ರೊಕೆಟೆ ಪಿಂಟೊ ಅನ್ನೋ ವಿದ್ವಾಂಸರು ಮತ್ತೆ ಅವರ ಸ್ನೇಹಿತರು ಸೇರಿ ಕಟ್ಟಿದ್ರು, 1936ರಲ್ಲಿ ಅದನ್ನ ಸರ್ಕಾರಕ್ಕೆ ಕೊಡುವಾಗ ಇದು ಜನಕ್ಕೆ ವಿದ್ಯೆ ಕೊಡೋಕೇ ಇರಬೇಕು, ವ್ಯಾಪಾರಕ್ಕಲ್ಲ ಅಂತ ಷರತ್ತು ಹಾಕಿ ಕೊಟ್ರು. ನಮ್ಮ ಮೈಸೂರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ಸ್ವಂತ ಆಸಕ್ತಿಯಿಂದ ರೇಡಿಯೋ ಶುರು ಮಾಡಿ ಅದಕ್ಕೆ ಆಕಾಶವಾಣಿ ಅಂತ ಹೆಸರು ಬಂತಲ್ಲ, ಆ ತರದ್ದೇ ಮನಸ್ಸು. ಎರಡು ದೇಶ, ಹತ್ತಿರ ಹತ್ತಿರ ಅದೇ ಕಾಲ, ಇಬ್ಬರು ಮೇಷ್ಟ್ರು ತರದವರು, ಒಂದೇ ಕನಸು!

ಅಂಥ ಜಾಗದಲ್ಲಿ ಈ ಹುಡುಗಿ ಸುಮಾರು ಹತ್ತು ವರ್ಷ ಇದ್ರು. ಬರೀ ಪಾತ್ರ ಮಾಡಿದ್ದಲ್ಲ, ಅನೌನ್ಸರ್ ಆಗಿದ್ರು, ದೊಡ್ಡ ದೊಡ್ಡ ಸಾಹಿತ್ಯ ಕೃತಿಗಳನ್ನ ರೇಡಿಯೋಗೆ ಹೊಂದೋ ಹಾಗೆ ಬರೆದುಕೊಡ್ತಿದ್ರು, ಜೊತೆಗೆ ಹೊಟ್ಟೆಪಾಡಿಗೆ ವಿದೇಶಿಯರಿಗೆ ಪೋರ್ಚುಗೀಸ್ ಪಾಠ ಬೇರೆ ಹೇಳ್ತಿದ್ರು. ನಾಟಕದ ಶಾಲೆಗೆ ಹೋಗಿ ಡಿಪ್ಲೊಮಾ ಮಾಡೋ ಅನುಕೂಲ ಇಲ್ಲದ ಮನೆ ಹುಡುಗಿಗೆ ಆ ಸ್ಟುಡಿಯೋನೇ ಕಾಲೇಜು, ಅಲ್ಲಿನ ಲೈಬ್ರರಿನೇ ಮೇಷ್ಟ್ರು. ಒಂದು ಕಾದಂಬರಿನ ಅರ್ಧ ಗಂಟೆಗೆ ಇಳಿಸಬೇಕಂದ್ರೆ ಯಾವ ಮಾತು ಇಲ್ಲದಿದ್ರೂ ನಡೆಯುತ್ತೆ, ಯಾವ ಮಾತು ತೆಗೆದ್ರೆ ಕತೆ ಸಾಯುತ್ತೆ ಅಂತ ಗೊತ್ತಾಗ್ಬೇಕು, ಆ ಲೆಕ್ಕ ಕೈಗೆ ಹತ್ತಿದೋರು ಮುಂದೆ ಯಾವ ಪಾತ್ರ ಕೊಟ್ರೂ ಒಂದು ಮಾತು ಹೆಚ್ಚು ಆಡಲ್ಲ. ನಿಮ್ಮ ಕಾಲೇಜಲ್ಲಿ ಹಾಗೆ ಹೇಳಿದವರಿಗೆ ನನ್ನ ಪರವಾಗಿ ಇಷ್ಟು ಹೇಳಿ, ರೇಡಿಯೋ ಯಾರಿಗೂ ಉಳಿದ ಅನ್ನ ಅಲ್ಲ.

ಹೆಸರು ಆರ್ಲೆಟ್ ಅಂದ್ರಿ, ಮೊಂಟೆನೆಗ್ರೊ ಎಲ್ಲಿಂದ ಬಂತು? – ಕುಶಾಲನಗರ

ರೇಡಿಯೋಗೆ ಬರೆಯುವಾಗ ಇಟ್ಕೊಂಡ ಹೆಸರು. ಫೆರ್ನಾಂಡಾ ಅಂದ್ರೆ ಹಳೇ ಫ್ರೆಂಚ್ ಕಾದಂಬರಿಗಳ ಪಾತ್ರದ ತರ ಕೇಳ್ಸುತ್ತೆ ಅಂತ ಅದು ಇಷ್ಟವಾಯ್ತಂತೆ, ಮೊಂಟೆನೆಗ್ರೊ ಅನ್ನೋದು ಅವರ ಮನೆಯವರಿಗೆ ಗುಣ ಮಾಡ್ತಿದ್ದ ಒಬ್ಬ ಡಾಕ್ಟರ ಹೆಸರು, ಕೈಗುಣ ಚೆನ್ನಾಗಿದ್ದ ಡಾಕ್ಟ್ರು ಅಂತ ಮನೇಲಿ ಹೊಗಳ್ತಿದ್ದಿದ್ದು ಕೇಳಿ ಕೇಳಿ ಅದನ್ನೇ ಜೋಡಿಸ್ಕೊಂಡ್ರು. ಆಮೇಲೆ ದೇಶಕ್ಕೆಲ್ಲ ಅದೇ ಹೆಸರಾಯ್ತು.

ನಾನು ರಿಟೈರ್ಡ್ ಪೋಸ್ಟ್‌ಮಾಸ್ಟರ್. ನಮ್ಮ ಕಾಲದಲ್ಲಿ ರೇಡಿಯೋ ನಾಟಕ ಅಂದ್ರೆ ಊರೇ ಸುಮ್ಮನಾಗ್ತಿತ್ತು. ಬ್ರೆಜಿಲ್‌ನಲ್ಲೂ ಹಾಗಿತ್ತಾ? ಕುದುರೆ, ಗುಡುಗು ಶಬ್ದ ಎಲ್ಲ ಹೇಗೆ ಮಾಡ್ತಿದ್ರು? – ಮಡಿಕೇರಿ

ಸರ್, ನಿಮ್ಮ ಪತ್ರ ಓದಿ ನಂಗೆ ನಮ್ಮಜ್ಜಿ ಮನೆ ನೆನಪಾಯ್ತು. ಜುಲೈ ತಿಂಗಳು, ಕರೆಂಟ್ ಹೋಗಿ ಮೂರು ದಿನ, ಒಲೆ ಕೆಂಡದಲ್ಲಿ ಹಲಸಿನ ಬೀಜ ಸುಡೋಕೆ ಹಾಕಿರೋರು, ರೇಡಿಯೋ ಸೆಲ್ಲು ಇಳಿದಿದೆ ಅಂತ ನಾಟಕ ಶುರುವಾಗೋ ಅರ್ಧ ಗಂಟೆ ಮುಂಚೆ ಸೆಲ್ಲನ್ನ ಒಲೆ ದಂಡೆ ಮೇಲೆ ಬೆಚ್ಚಗೆ ಇಡೋರು, ಬಿಸಿಲಿಗಿಡೋಣ ಅಂದ್ರೆ ಬಿಸಿಲೆಲ್ಲಿ ಆ ತಿಂಗಳಲ್ಲಿ! ಹೆಂಚಿನ ಮೇಲೆ ಮಳೆ ಸದ್ದು ಎಷ್ಟು ಅಂದ್ರೆ ರೇಡಿಯೋಗೆ ಕಿವಿ ಅಂಟಿಸಿ ಕೂರಬೇಕು, ಅಜ್ಜಿ ಕೇಳಿ ಉಳಿದವರಿಗೆ ಹೇಳೋರು, ಈಗ ಅವಳು ಬಾಗಿಲು ತೆಗೆದ್ಳು, ಈಗ ಅಳ್ತಿದಾಳೆ ಅಂತ. ನಮಗೆ ಎರಡು ನಾಟಕ ಕೇಳಿದ ಹಾಗೆ.

ಬ್ರೆಜಿಲ್‌ನಲ್ಲಿ ಇದು ಇನ್ನೂ ಜೋರಾಗಿತ್ತು. ರಿಯೋದಲ್ಲಿ ರೇಡಿಯೋ ನ್ಯಾಸಿಯೊನಾಲ್ ಅಂತ 1936ರಲ್ಲಿ ಶುರುವಾಗಿ 1940ರಲ್ಲಿ ಸರ್ಕಾರದ ಕೈಗೆ ಬಂತು, ಶಾರ್ಟ್‌ವೇವ್‌ನಲ್ಲಿ ಆ ದೊಡ್ಡ ದೇಶದ ಮೂಲೆಮೂಲೆಗೂ ಕೇಳ್ತಿತ್ತು. 1941ರಲ್ಲಿ ಅಲ್ಲಿ ಮೊದಲ ರೇಡಿಯೋ ಧಾರಾವಾಹಿ ಬಂತು, ಕ್ಯೂಬಾ ದೇಶದ ಕತೆ, ಹೆಸರಿನ ಅರ್ಥ "ಸುಖ ಹುಡುಕುತ್ತಾ" ಅಂತ, ಎರಡು ವರ್ಷ ಓಡ್ತು. ಟೂತ್‌ಪೇಸ್ಟ್ ಕಂಪನಿ ದುಡ್ಡು ಹಾಕಿತ್ತು, ಪೇಸ್ಟಿನ ಹೊದಿಕೆ ಕಳಿಸಿದವರಿಗೆ ಕಲಾವಿದರ ಫೋಟೋ ಆಲ್ಬಮ್ ಕೊಡ್ತೀವಿ ಅಂದಿದ್ದಕ್ಕೆ ಸಾವಿರಾರು ಕಾಗದ ಬಂದು ಬಿತ್ತು. ನೀವು ಪೋಸ್ಟ್‌ಮಾಸ್ಟರ್ ಆಗಿದ್ದೋರು, ಆ ಚೀಲಗಳನ್ನ ಊಹಿಸ್ಕೊಳ್ಳಿ ಸರ್! 1951ರಲ್ಲಿ ಇನ್ನೊಂದು ಕ್ಯೂಬಾ ಕತೆ ಬಂದು ಅದು ಇದನ್ನೂ ಮೀರಿಸ್ತು.

ಸದ್ದುಗಳು ಎಲ್ಲ ದೇಶದಲ್ಲೂ ಹತ್ತಿರ ಹತ್ತಿರ ಒಂದೇ. ಒಣಗಿದ ತೆಂಗಿನ ಚಿಪ್ಪು ಎರಡು ತಗೊಂಡು ಮಣ್ಣು ತುಂಬಿದ ತಟ್ಟೆ ಮೇಲೆ ಕುಟ್ಟಿದ್ರೆ ಕುದುರೆ, ಕಲ್ಲಿನ ಮೇಲೆ ಕುಟ್ಟಿದ್ರೆ ಅದೇ ಕುದುರೆ ಪೇಟೆಗೆ ಬಂತು. ತೆಳು ತಗಡನ್ನ ತೂಗು ಹಾಕಿ ಅಲ್ಲಾಡಿಸಿದ್ರೆ ಗುಡುಗು, ಬಿಸ್ಕೆಟ್ ಪ್ಯಾಕಿನ ಗರಗರ ಕಾಗದ ಮುದುರಿದ್ರೆ ಬೆಂಕಿ. ನಟರು ದೂರದಿಂದ ಮಾತಾಡೋ ಹಾಗಿದ್ರೆ ಮೈಕಿಂದ ಎರಡು ಹೆಜ್ಜೆ ಹಿಂದೆ ಸರಿದು ಮುಖ ಬೇರೆ ಕಡೆ ತಿರುಗಿಸ್ತಾರೆ, ಗುಟ್ಟು ಹೇಳ್ಬೇಕಾದ್ರೆ ಮೈಕಿಗೆ ಮುತ್ತಿಡೋಷ್ಟು ಹತ್ತಿರ. ಇದೆಲ್ಲ ಲೈವ್ ಸರ್, ತಪ್ಪಿದ್ರೆ ತಪ್ಪಿತು. ಫೆರ್ನಾಂಡಾ ಅವರು ಕಲಿತಿದ್ದು ಇಂಥಾ ಪದ್ಧತಿಯಲ್ಲೇ, ಕೇಳೋರಿಗೆ ನಿನ್ನ ಮುಖ ಇಲ್ಲ, ಸೀರೆ ಇಲ್ಲ, ಕಣ್ಣೀರಿಲ್ಲ, ದನಿ ಒಂದೇ ಇರೋದು ಅನ್ನೋ ಜಾಗದಲ್ಲಿ.

ಬ್ರೆಜಿಲ್ ಟೀವಿಯಲ್ಲಿ 1951ರಲ್ಲೇ ಮುತ್ತಿನ ದೃಶ್ಯ ಬಂದಿತ್ತು ಅಂತ ಎಲ್ಲೋ ಓದಿದೆ, ಅದು ಇವರದ್ದೇನಾ? – ವಿರಾಜಪೇಟೆ

ಅಲ್ಲ, ಅದು ವೀದಾ ಆಲ್ವೆಸ್ ಅನ್ನೋ ಇನ್ನೊಬ್ಬ ನಟಿ. ಅವರೂ ರೇಡಿಯೋದಿಂದಲೇ ಬಂದೋರು, ಹಾಗಾಗಿ ಗೊಂದಲ ಆಗೋದು ಸಹಜ. ಚೂರು ಹಿಂದಿಂದ ಹೇಳ್ತೀನಿ. 1950ರ ಸೆಪ್ಟೆಂಬರ್ 18ಕ್ಕೆ ಸಾವೊ ಪಾಲೊದಲ್ಲಿ ಟೀವಿ ಟುಪಿ ಅನ್ನೋ ಚಾನೆಲ್ ಶುರುವಾಯ್ತು, ಪತ್ರಿಕೆ ರೇಡಿಯೋ ಎಲ್ಲ ಇಟ್ಕೊಂಡಿದ್ದ ಅಸಿಸ್ ಶಾತೊಬ್ರಿಯಾಂಡ್ ಅನ್ನೋರು ಮಾಡಿದ್ದು. ಚಾನೆಲ್ ಏನೋ ರೆಡಿ, ನೋಡೋಕೆ ಊರಲ್ಲಿ ಟೀವಿ ಸೆಟ್ಟೇ ಇಲ್ಲ ಅಂತ ಅಮೆರಿಕದಿಂದ ಸುಮಾರು 200 ಸೆಟ್ ತರ್ಸಿದ್ರು. ನಮ್ಮ ದೆಹಲಿಗೆ ಟೀವಿ ಬಂದಿದ್ದು 1959, ಬೆಂಗಳೂರು ದೂರದರ್ಶನ 1981, ಅಂದ್ರೆ ನಮ್ಮ ಕೊಡಗಿನ ಗುಡ್ಡದ ಮೇಲೆ ಆಂಟೆನಾ ತಿರುಗಿಸ್ತಾ "ಬಂತಾ? ಬಂತಾ?" ಅಂತ ಕೂಗಾಡೋ ಕಾಲಕ್ಕೆ ಅಲ್ಲಿ ಮೂವತ್ತು ವರ್ಷ ಆಗೋಗಿತ್ತು.

ಟೀವಿಗೆ ನಟರು ಎಲ್ಲಿಂದ ಬರಬೇಕು? ಬೇರೆ ದಾರಿ ಇಲ್ಲ, ಪಕ್ಕದ ರೇಡಿಯೋ ಸ್ಟುಡಿಯೋದಿಂದಲೇ. ಹಾಗೆ ಬಂದವರಲ್ಲಿ ವೀದಾ ಒಬ್ರು, 1928ರಲ್ಲಿ ಮಿನಾಸ್ ಜೆರೈಸ್ ರಾಜ್ಯದಲ್ಲಿ ಹುಟ್ಟಿದೋರು. ಅವರ ಭಾಷೆಯಲ್ಲಿ ವೀದಾ ಅಂದ್ರೆ ಜೀವನ ಅಂತ ಅರ್ಥ, ಎಂಥ ಚಂದ ಹೆಸರು ನೋಡಿ. 1951ರ ಡಿಸೆಂಬರ್‌ನಲ್ಲಿ ಬ್ರೆಜಿಲ್‌ನ ಮೊದಲ ಟೀವಿ ಧಾರಾವಾಹಿ ಶುರುವಾಯ್ತು, "ನಿನ್ನ ಜೀವನ ನನ್ನದು" ಅನ್ನೋ ಅರ್ಥದ ಹೆಸರು, ವಾರಕ್ಕೆ ಎರಡು ದಿನ ಮಾತ್ರ, ಎಲ್ಲ ಲೈವ್. ಅದರಲ್ಲಿ ವಾಲ್ಟರ್ ಫೋರ್ಸ್ಟರ್ ಅನ್ನೋ ನಟರ ಜೊತೆ ಆ ದೃಶ್ಯ, ತುಟಿಗೆ ತುಟಿ ತಾಗಿಸಿದಷ್ಟೇ. ವೀಡಿಯೋ ಟೇಪ್ ಇನ್ನೂ ಬಂದಿರಲಿಲ್ಲ, ಫೋಟೋನೂ ತೆಗೀಲಿಲ್ಲ, ದೇಶದ ಟೀವಿ ಚರಿತ್ರೆಯ ಅಷ್ಟು ದೊಡ್ಡ ಕ್ಷಣ ನೋಡಿದವರ ನೆನಪಲ್ಲಿ ಬಿಟ್ರೆ ಎಲ್ಲೂ ಉಳಿದಿಲ್ಲ!

ನಂಗೆ ವೀದಾ ಬಗ್ಗೆ ಗೌರವ ಇರೋದು ಆ ಮುತ್ತಿಗಲ್ಲ. ಹಳೇ ಟೀವಿಯದ್ದು ಏನೂ ಉಳೀತಿಲ್ಲ, ಗೊತ್ತಿದ್ದ ಕಲಾವಿದರು ಒಬ್ಬೊಬ್ಬರಾಗಿ ಹೋಗ್ತಿದಾರೆ ಅಂತ ಸಂಕಟಪಟ್ಟು 1995ರಲ್ಲಿ ಟೀವಿಯ ಮೊದಲ ತಲೆಮಾರಿನವರ ಒಂದು ಸಂಘ ಕಟ್ಟಿ, ಅವರ ಮಾತುಗಳನ್ನ, ಫೋಟೋಗಳನ್ನ, ಕಾಗದಪತ್ರಗಳನ್ನ ಕೂಡಿಡೋ ಕೆಲಸಕ್ಕೆ ಕೂತ್ಬಿಟ್ರು, 2017ರ ಜನವರಿಯಲ್ಲಿ ತೀರಿಕೊಳ್ಳೋ ತನಕ ಅದೇ ಧ್ಯಾನ. ನಮ್ಮಲ್ಲೂ ಹಳೇ ರೇಡಿಯೋ ನಾಟಕದ ಎಷ್ಟು ದನಿಗಳು ಹೀಗೆ ಗಾಳಿಗೆ ಹೋದ್ವೋ, ಆ ಕಲಾವಿದರ ಮನೆಯವರು ಇದನ್ನ ಓದ್ತಿದ್ರೆ ದಯವಿಟ್ಟು ಅಟ್ಟದ ಮೇಲಿರೋ ಕ್ಯಾಸೆಟ್ ಬಿಸಾಕ್ಬೇಡಿ.

ಅಂದ ಹಾಗೆ ಫೆರ್ನಾಂಡಾ ಅವರ ಹೆಸರಲ್ಲೂ ಒಂದು ಮುತ್ತಿನ ಗಲಾಟೆ ಇದೆ. 2015ರಲ್ಲಿ ಒಂದು ಧಾರಾವಾಹಿಯ ಮೊದಲ ಕಂತಲ್ಲೇ, ವರ್ಷಾನುಗಟ್ಟಲೆ ಜೊತೆಗೆ ಬಾಳಿದ ಇಬ್ಬರು ವಯಸ್ಸಾದ ಹೆಂಗಸರ ಪಾತ್ರದಲ್ಲಿ ನತಾಲಿಯಾ ಟಿಂಬರ್ಗ್ ಅನ್ನೋ ಹಿರಿಯ ನಟಿಗೆ ಮುತ್ತು ಕೊಟ್ರು. ಆಗ ಇವರಿಗೆ 85. ಬೈದವರು ತುಂಬಾ ಜನ. ಇವರು ಹಿಂದೆ ಸರೀಲಿಲ್ಲ.

ಟೀವಿಯಲ್ಲಿ ಇವರ ಕೆಲಸ ಏನು? – ಶನಿವಾರಸಂತೆ

1951ರಲ್ಲಿ ರಿಯೋದಲ್ಲೂ ಟೀವಿ ಟುಪಿ ಶುರುವಾದಾಗ ಅವರು ಕಾಂಟ್ರ್ಯಾಕ್ಟ್ ಮೇಲೆ ತಗೊಂಡ ಮೊದಲ ನಟಿ ಇವರೇ. ಅದರ ಹಿಂದಿನ ವರ್ಷದ ಡಿಸೆಂಬರ್‌ನಲ್ಲಷ್ಟೇ ರಂಗಭೂಮಿಗೆ ಕಾಲಿಟ್ಟಿದ್ರು, ಆ ನಾಟಕದಲ್ಲಿದ್ದ ಫೆರ್ನಾಂಡೊ ಟೊರೆಸ್ ಅವರನ್ನೇ ಮುಂದೆ ಮದುವೆ ಆದ್ರು. ಐವತ್ತರ ದಶಕದಲ್ಲಿ ಟೀವಿಯಲ್ಲಿ ದೊಡ್ಡ ನಾಟಕಗಳನ್ನ ನೇರಪ್ರಸಾರ ಮಾಡ್ತಿದ್ರು, ಒಂದು ವಾರ ಒಂದು ನಾಟಕ, ಮುಂದಿನ ವಾರಕ್ಕೆ ಹೊಸ ಮಾತು ಬಾಯಿಪಾಠ, ಹಾಗೆ ವರ್ಷಗಟ್ಟಲೆ! 1959ರಲ್ಲಿ ಗಂಡ ಹೆಂಡತಿ ಸ್ನೇಹಿತರ ಜೊತೆ ಸೇರಿ ಸ್ವಂತ ನಾಟಕ ತಂಡ ಕಟ್ಟಿದ್ರು, ಹೆಸರಿನ ಅರ್ಥ ಏಳು ಜನರ ರಂಗಭೂಮಿ.

ಟೀವಿ ಗ್ಲೋಬೊ ಅನ್ನೋ ಚಾನೆಲ್‌ನಲ್ಲಿ ಧಾರಾವಾಹಿ ಮಾಡಿದ್ದು 1981ರಿಂದ. ಅಲ್ಲಿನ ಜನ ಮರೆಯದೇ ಇರೋದು 1983ರ ಒಂದು ತಮಾಷೆ ಧಾರಾವಾಹಿ, ಅದರಲ್ಲಿ ಪೌಲೊ ಆಟ್ರಾನ್ ಅನ್ನೋ ಮಹಾನ್ ನಟರ ಜೊತೆ ಬೆಳಗಿನ ತಿಂಡಿ ಟೇಬಲ್ ಮುಂದೆ ಜಗಳ. ಕಾಫಿ, ಹಣ್ಣು, ಕೇಕು ಏನೇನಿದೆಯೋ ಎಲ್ಲ ತಗೊಂಡು ಒಬ್ಬರ ಮುಖಕ್ಕೆ ಇನ್ನೊಬ್ಬರು ಎರಚೋದು, ಇಬ್ಬರೂ ದೇಶದ ಘನಗಂಭೀರ ರಂಗಕರ್ಮಿಗಳು! ನೋಡಿ ನಕ್ಕೂ ನಕ್ಕೂ ಹೊಟ್ಟೆ ಹಿಡ್ಕೊಂಡೆ. 2005ರಲ್ಲಿ ಒಂದು ಧಾರಾವಾಹಿಯಲ್ಲಿ ಖಳನಾಯಕಿ. 2013ರಲ್ಲಿ ಒಂದು ಅಜ್ಜಿ ಪಾತ್ರಕ್ಕೆ ಇಂಟರ್‌ನ್ಯಾಷನಲ್ ಎಮ್ಮಿ ಪ್ರಶಸ್ತಿ ಬಂತು, ಬ್ರೆಜಿಲ್‌ನ ನಟಿಗೆ ಅದು ಬಂದಿದ್ದು ಅದೇ ಮೊದಲು.

ಆಸ್ಕರ್ ಸಿಕ್ಕಿತಾ? – ಸಿದ್ದಾಪುರ

ಇಲ್ಲ. 1999ರಲ್ಲಿ ನಾಮಿನೇಟ್ ಆಗಿದ್ರು, ಅತ್ಯುತ್ತಮ ನಟಿ ವಿಭಾಗದಲ್ಲಿ ಬ್ರೆಜಿಲ್‌ನವರು ಅದೇ ಮೊದಲು, ಗ್ವಿನೆತ್ ಪಾಲ್ಟ್ರೊಗೆ ಹೋಯ್ತು. ಬರ್ಲಿನ್ ಚಿತ್ರೋತ್ಸವದಲ್ಲಿ ಮಾತ್ರ 1998ರಲ್ಲೇ ಅತ್ಯುತ್ತಮ ನಟಿ ಪ್ರಶಸ್ತಿ ಕೊಟ್ಟಿದ್ರು. ಇಪ್ಪತ್ತಾರು ವರ್ಷದ ಮೇಲೆ 2025ರಲ್ಲಿ ಮಗಳು "ಐಯಾಮ್ ಸ್ಟಿಲ್ ಹಿಯರ್" ಸಿನಿಮಾಗೆ ಅದೇ ವಿಭಾಗದಲ್ಲಿ ನಾಮಿನೇಟ್, ಎರಡೂ ಸಿನಿಮಾದ ನಿರ್ದೇಶಕರು ಒಬ್ರೇ, ವಾಲ್ಟರ್ ಸಾಲೆಸ್. ಮಗಳಿಗೂ ಆಸ್ಕರ್ ಸಿಗಲಿಲ್ಲ, ಗೋಲ್ಡನ್ ಗ್ಲೋಬ್ ಸಿಕ್ತು, ಸಿನಿಮಾಗೆ ಬೇರೆ ದೇಶದ ಚಿತ್ರಗಳ ಆಸ್ಕರ್ ಸಿಕ್ತು, ಬ್ರೆಜಿಲ್‌ಗೆ ಆ ಪ್ರಶಸ್ತಿ ಮೊದಲ ಸಲ.

ಅಕ್ಕ, ನಾಮಿನೇಟ್ ಆದ ಆ ಸಿನಿಮಾದಲ್ಲಿ ಇವರು ಬೇರೆಯವರಿಗೆ ಕಾಗದ ಬರ್ಕೊಡೋ ಪಾತ್ರ ಅಂತ ಕೇಳಿದೆ. ನಮ್ಮಪ್ಪ ತೋಟದಲ್ಲಿ ರೈಟರ್ ಆಗಿದ್ರು, ಲೈನ್ ಮನೆಯವರು ಭಾನುವಾರ ಅಪ್ಪನ ಹತ್ರ ಬಂದು ಊರಿಗೆ ಕಾಗದ ಬರೆಸ್ತಿದ್ರು, ಅದಕ್ಕೇ ಕೇಳ್ತಿದೀನಿ. – ಸುಂಟಿಕೊಪ್ಪ

ನಿಮ್ಮ ಪತ್ರ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಹೌದು, ನಿಮ್ಮಪ್ಪ ಮಾಡ್ತಿದ್ದ ಕೆಲಸಾನೇ ಆ ಪಾತ್ರದ್ದು. ಸಿನಿಮಾ ಹೆಸರು "ಸೆಂಟ್ರಲ್ ಸ್ಟೇಷನ್". ರಿಯೋದ ದೊಡ್ಡ ರೈಲ್ವೆ ಸ್ಟೇಷನ್, ಅಲ್ಲಿ ಡೋರಾ ಅನ್ನೋ ರಿಟೈರ್ಡ್ ಟೀಚರ್ ಒಂದು ಮೇಜು ಹಾಕ್ಕೊಂಡು, ಅಕ್ಷರ ಬಾರದವರು ಹೇಳಿದ್ದನ್ನ ದುಡ್ಡು ತಗೊಂಡು ಬರ್ಕೊಡ್ತಾಳೆ. ಒಳ್ಳೆಯವಳಲ್ಲ ಅವಳು. ಮನೆಗೆ ಹೋಗಿ ಆ ಕಾಗದ ಓದಿ ನಗಾಡ್ತಾಳೆ, ಎಷ್ಟೋ ಕಾಗದ ಪೋಸ್ಟೇ ಮಾಡಲ್ಲ, ಹರಿದು ಹಾಕ್ತಾಳೆ ಇಲ್ಲ ಡ್ರಾಯರಿಗೆ ತಳ್ತಾಳೆ. ಕಾಗದ ಬರೆಸೋಕೆ ಬಂದ ಒಬ್ಬ ತಾಯಿ ಸ್ಟೇಷನ್ ಹೊರಗೆ ಬಸ್ಸಿಗೆ ಸಿಕ್ಕಿ ಸಾಯ್ತಾಳೆ, ಒಂಬತ್ತು ವರ್ಷದ ಮಗ ಒಬ್ಬನೇ ಉಳೀತಾನೆ, ಅವನ ಅಪ್ಪನ್ನ ಹುಡುಕಿಕೊಂಡು ಇಬ್ಬರೂ ದೂರದ ಒಣ ಸೀಮೆಗೆ ಹೋಗೋದೇ ಕತೆ. ಆ ಹುಡುಗನ ಪಾತ್ರ ಮಾಡಿದವನು ನಿಜವಾಗ್ಲೂ ಏರ್‌ಪೋರ್ಟಲ್ಲಿ ಬೂಟ್ ಪಾಲಿಶ್ ಮಾಡ್ತಿದ್ದ ಹುಡುಗ.

ಇದರಲ್ಲಿ ನನ್ನ ಮನಸ್ಸಿಗೆ ತಾಗಿದ್ದು ಶೂಟಿಂಗ್ ವಿಷಯ. ಸ್ಟೇಷನ್ನಲ್ಲಿ ಮೇಜು ಹಾಕಿ ಕೂತಾಗ, ಇದು ಸಿನಿಮಾ ಅಂತ ಗೊತ್ತಾಗದೇನೇ ನಿಜವಾದ ಪ್ರಯಾಣಿಕರು ಬಂದು ಇವರ ಮುಂದೆ ಕೂತು ತಮ್ಮ ತಮ್ಮ ಕಾಗದ ಹೇಳಿ ಬರೆಸೋಕೆ ಶುರು ಮಾಡಿದ್ರಂತೆ, ಅಂಥವರ ಮುಖಗಳು ಸಿನಿಮಾದಲ್ಲೇ ಇವೆ. ಸಿನಿಮಾ ಶುರುವಾಗೋದೇ ಆ ಮುಖಗಳಿಂದ. ನೀವು ನೋಡುವಾಗ ಒಂದು ಗಮನಿಸಿ, ಅವರು ಮಾತಾಡುವಾಗ ಡೋರಾ ತಲೆ ಎತ್ತದೆ ಬರೀತಿರ್ತಾಳೆ, ಆದ್ರೆ ಕೇಳಿಸ್ಕೊಳ್ತಿರೋದು ಗೊತ್ತಾಗುತ್ತೆ. ಬರೀ ಕಿವಿಯಿಂದ ನಟಿಸೋದು ಅದು. ಕಾಣದ ಮನುಷ್ಯನ ಮಾತನ್ನ ಹತ್ತು ವರ್ಷ ಮೈಯೆಲ್ಲ ಕಿವಿಯಾಗಿ ಕೇಳಿ ಉತ್ತರ ಕೊಟ್ಟು ಬಂದವರಿಗೆ ಬಿಟ್ಟು ಬೇರೆಯವರಿಗೆ ಅದು ಅಷ್ಟು ಸಲೀಸಾಗಿ ಬರ್ತಿರಲಿಲ್ಲ ಅಂತ ನನ್ನ ಅನಿಸಿಕೆ.

ನಿಮ್ಮಪ್ಪ ಡೋರಾ ತರ ಅಲ್ಲ ಅನ್ನೋದು ನಿಮ್ಮ ಪತ್ರದ ಇನ್ನೊಂದು ಸಾಲಲ್ಲೇ ಗೊತ್ತಾಯ್ತು, ಅಂಚೆಚೀಟಿ ತಮ್ಮ ದುಡ್ಡಲ್ಲೇ ಹಚ್ತಿದ್ರು ಅಂತ ಬರ್ದಿದೀರ. ಅವರು ಇದ್ರೆ ನನ್ನ ನಮಸ್ಕಾರ ಹೇಳಿ. ಊರಿಂದ ಬಂದ ಉತ್ತರಗಳನ್ನ ಅವರೇ ಓದಿ ಹೇಳ್ತಿದ್ರಾ? ಅದನ್ನ ಬರೆದು ಕಳ್ಸಿ, ನಮ್ಮ ಪತ್ರಿಕೆಯಲ್ಲಿ ಹಾಕೋಣ.

ಇಷ್ಟು ಹೆಸರಿದ್ದವರು ರಾಜಕೀಯಕ್ಕೆ ಬರ್ಲಿಲ್ವಾ? – ಕುಶಾಲನಗರ

ಕರೆದಿದ್ರು. 1985ರಲ್ಲಿ ಮಿಲಿಟರಿ ಆಳ್ವಿಕೆ ಮುಗಿದಾಗ ಅಧ್ಯಕ್ಷ ಸಾರ್ನೇ ಅವರು ಸಂಸ್ಕೃತಿ ಸಚಿವರಾಗಿ ಅಂದ್ರು, ಇವರು ರಂಗಭೂಮಿ ಬಿಟ್ಟು ಬರಲ್ಲ ಅಂದ್ರು. 2021ರಲ್ಲಿ ಬ್ರೆಜಿಲ್‌ನ ಸಾಹಿತ್ಯ ಅಕಾಡೆಮಿ ಇವರನ್ನ ಸದಸ್ಯೆಯಾಗಿ ಆರಿಸ್ತು, ನಟಿಯೊಬ್ಬರನ್ನ ಸಾಹಿತಿಗಳ ಸಾಲಲ್ಲಿ ಕೂರಿಸಿದ್ದು ನಂಗೆ ಸಚಿವ ಸ್ಥಾನಕ್ಕಿಂತ ದೊಡ್ಡದು ಅನ್ಸುತ್ತೆ. 2024ರಲ್ಲಿ ಸಾವೊ ಪಾಲೊದ ಪಾರ್ಕ್ ಒಂದರಲ್ಲಿ ಫ್ರೆಂಚ್ ಲೇಖಕಿ ಸಿಮೋನ್ ದ ಬೋವಾ ಬರಹ ಓದಿದ್ರು, ಬರೀ ಓದಿದ್ದು, ಕೇಳೋಕೆ ಸಾವಿರಾರು ಜನ ಹುಲ್ಲಿನ ಮೇಲೆ ಕೂತಿದ್ರು.

ಅಕ್ಕ, ನಂಗೆ 58. ಮಕ್ಕಳೆಲ್ಲ ಬೆಂಗಳೂರಲ್ಲಿ. ಚಿಕ್ಕವಳಿದ್ದಾಗಿಂದ ರೇಡಿಯೋ ನಾಟಕದಲ್ಲಿ ಮಾತಾಡೋ ಆಸೆ, ಈಗ ದನಿ ಗೊಗ್ಗರಾಗಿದೆ. ಆಡಿಷನ್‌ಗೆ ಹೋದ್ರೆ ನಗ್ತಾರಾ? – ನಾಪೋಕ್ಲು

ಯಾಕೆ ನಗ್ತಾರೆ? ನಾಟಕದಲ್ಲಿ ಬರೀ ಹದಿನಾರರ ಹುಡುಗಿಯರೇ ಇರ್ತಾರಾ, ಅತ್ತೆ ಬೇಡ್ವಾ, ಅಜ್ಜಿ ಬೇಡ್ವಾ, ತೋಟದ ಯಜಮಾನ್ತಿ ಬೇಡ್ವಾ? ಗೊಗ್ಗರು ದನಿ ಕೇಳಿದ ತಕ್ಷಣ ಈ ಹೆಂಗಸು ಏನೇನೋ ಕಂಡಿದಾಳೆ ಅಂತ ಕೇಳೋರಿಗೆ ಗೊತ್ತಾಗುತ್ತೆ, ಅದನ್ನ ಇಪ್ಪತ್ತರ ಹುಡುಗಿ ಎಷ್ಟು ಕಷ್ಟಪಟ್ರೂ ತರೋಕಾಗಲ್ಲ. ಮಡಿಕೇರಿ ಆಕಾಶವಾಣಿಗೆ ಫೋನ್ ಮಾಡಿ, ನಾಟಕದ ಧ್ವನಿ ಪರೀಕ್ಷೆಗೆ ಅರ್ಜಿ ಯಾವಾಗ ಕರೀತಾರೆ ಅಂತ ವಿಚಾರಿಸಿ, ಕರೆದಾಗ ಹಾಕಿ.

ಅಲ್ಲಿ ತನಕ ಒಂದು ಕೆಲಸ ಮಾಡಿ. ದಿನಾ ಸಂಜೆ ಒಂದು ಕತೆಯ ಎರಡು ಪುಟ ಜೋರಾಗಿ ಓದಿ, ಮೊಬೈಲಲ್ಲಿ ರೆಕಾರ್ಡ್ ಮಾಡ್ಕೊಳ್ಳಿ, ಮಾರನೇ ದಿನ ಕಣ್ಮುಚ್ಚಿ ಕೇಳಿ. ಮೊದಲ ವಾರ ನಿಮ್ಮ ದನಿ ನಿಮಗೇ ಹಿಡಿಸಲ್ಲ, ಎಲ್ಲರಿಗೂ ಹಾಗೇ. ಬಾಗಿಲಿಂದ ಕೂಗೋ ಮಾತು, ಕಿವಿಯಲ್ಲಿ ಹೇಳೋ ಮಾತು, ಕಾಫಿ ಲೋಟ ಕೈಯಲ್ಲಿ ಹಿಡ್ಕೊಂಡು ಆಡೋ ಮಾತು ಬೇರೆ ಬೇರೆ ಕೇಳ್ಸುತ್ತಾ ನೋಡ್ಕೊಳ್ಳಿ. ಇನ್ನೊಂದು, ಓದೋ ಹಾಳೆಗಳನ್ನ ಪಿನ್ ಹೊಡೀಬೇಡಿ, ಬಿಡಿಬಿಡಿಯಾಗಿ ಇಟ್ಕೊಳ್ಳಿ, ಒಂದು ಕಡೆ ಮಾತ್ರ ಬರೆದಿರಲಿ, ಮುಗಿದ ಹಾಳೆಯನ್ನ ಸದ್ದಾಗದ ಹಾಗೆ ಪಕ್ಕಕ್ಕೆ ಸರಿಸೋದು ಅಭ್ಯಾಸ ಮಾಡಿ. ನನ್ನ ಮೊದಲ ಧ್ವನಿ ಪರೀಕ್ಷೆಯಲ್ಲಿ ನಾನು ಪಿನ್ ಹೊಡೆದ ಹಾಳೆ ತಗೊಂಡು ಹೋಗಿದ್ದೆ, ಅಳೋ ದೃಶ್ಯದ ಮಧ್ಯೆ ಪುಟ ತಿರುಗಿಸಿದ್ದು ಸ್ಪೀಕರಲ್ಲಿ ಮರದ ಕೊಂಬೆ ಮುರಿದ ಹಾಗೆ ಕೇಳ್ಸಿತ್ತು, ಆ ವರ್ಷ ಪಾಸಾಗಲಿಲ್ಲ, ಮುಂದಿನ ಸಲ ಆದೆ.

ಈಗ ಮಳೆ ಹಿಡ್ಕೊಳ್ಳುತ್ತೆ, ನಾಪೋಕ್ಲು ಕಡೆ ಹೆಂಚಿನ ಸದ್ದಲ್ಲಿ ರೆಕಾರ್ಡಿಂಗ್ ಸರಿ ಬರಲ್ಲ, ಕಂಬಳಿ ಹೊದ್ದುಕೊಂಡು ಅದರೊಳಗೆ ಕೂತು ಮಾಡಿ. ಮೊದಲ ರೆಕಾರ್ಡಿಂಗ್ ಯಾರಿಗೂ ಕೇಳಿಸೋಕೆ ನಾಚಿಕೆ ಆದ್ರೆ ನಂಗೆ ಕಳ್ಸಿ, ನಾನು ಕೇಳ್ತೀನಿ.